ಎತ್ತಿ ಹಾಕಂಗಿಲ್ಲ

ಶಿರಾ ಬಸ್‌ಸ್ಟ್ಯಾಂಡಿಗೆ ಮಧುಗಿರಿ ಬಸ್ಸು ಬಂದು ಇನ್ನೂ ಪೂರ್ತಿ ನಿಂತಿರಲಿಲ್ಲ, ಭಾವ ಓಡಿಹೋಗಿ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿದದ್ದನ್ನು ನೋಡಿ ಗಂಗಾಂಬಿಕಾಗೆ ಅಸಹ್ಯವಾಯಿತು. ಬಸ್ಸಿಗೆ ಕಾಯುತ್ತಿದ್ದವರು ಹೆಚ್ಚೆಂದರೆ ಹತ್ತು ಜನ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಮಧುಗಿರಿಗೆ ಹೋಗುವ ಸೀಟಿಗಾಗಿ ಯಾರೂ ಅವನೊಡನೆ ಪೈಪೋಟಿಗೆ ಇಳಿದಿರಲಿಲ್ಲ. ಆದರೂ ಅವನು ಏನನ್ನೋ ಗೆದ್ದವನ ಹಾಗೆ ಬಾಗಿಲ ಬಳಿ ನಿಂತು, "ಬಾ ಗಂಗಾ, ಕಿಟಕಿ ಕಡೀದೇ ಸಿಕ್ತು," ಎಂದ. ಅವಳು ಹತ್ತಿ ಆ ಕರ್ಚೀಫನ್ನು ಎರಡು ಬೆರಳಲ್ಲಿ ಎತ್ತಿ ಅವನಿಗೆ ಕೊಟ್ಟಳು. ಅದರಲ್ಲಿ ಸ್ಪಿರಿಟ್ಟಿನ ವಾಸನೆ ಇತ್ತು. ಭಾವ ನರಸಿಂಹರಾಜು ಶಿರಾದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಟೆಕ್ನಿಷಿಯನ್. ಅವನ ಬಟ್ಟೆಗೆ, ಬೆರಳಿಗೆ, ಅವನು ಕಲಸಿದ ಅನ್ನಕ್ಕೂ ಅದೇ ವಾಸನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅಕ್ಕ ರಾಮಾಂಜಿನಮ್ಮ ಹನ್ನೊಂದು ವರ್ಷದಿಂದ ಈ ವಾಸನೆಯ ಪಕ್ಕ ಮಲಗುತ್ತಿದ್ದಾಳೆ ಎಂದು ಹೊಳೆದು, ಹಾಗೆ ಹೊಳೆದದ್ದಕ್ಕೆ ತನ್ನ ಮೇಲೇ ಹೇಸಿಕೆಯಾಗಿ ಕಿಟಕಿಯ ಕಡೆ ತಿರುಗಿದಳು.

ಇವನು ಜೊತೆಗೆ ಬರಬೇಕಾಗಿಯೇ ಇರಲಿಲ್ಲ. ಅವಳಿಗೆ ಇಪ್ಪತ್ತೆಂಟು ವರ್ಷ. ಕಳ್ಳಂಬೆಳ್ಳದ ಕಡೆ ನಾಲ್ಕು ಹಳ್ಳಿಗಳಿಗೆ ಅವಳೇ ಗ್ರಾಮ ಆಡಳಿತಾಧಿಕಾರಿ. ಮೀಸೆ ನೆರೆತ ಗಂಡಸರು ತೀರಿಹೋದವರ ಜಮೀನಿನ ಪೌತಿ ಖಾತೆಯ ಅರ್ಜಿ ಹಿಡಿದು "ವಿಎ ಮೇಡಮ್ಮೋರೇ" ಎಂದು ಅವಳ ಮೇಜಿನ ಮುಂದೆ ನಿಲ್ಲುತ್ತಾರೆ. ಆದರೆ ಮಧುಗಿರಿಯ ಸಮುದಾಯ ಭವನದಲ್ಲಿ ವಿಡಿಯೋ ಗೇಮಿನ ಟೂರ್ನಮೆಂಟು ಇದೆ ಎಂದು ಅಕ್ಕನ ಮುಂದೆ ಬಾಯಿ ಬಿಟ್ಟದ್ದೇ ತಪ್ಪಾಯಿತು. "ಅಲ್ಲಿ ಬರೀ ಗಂಡುಡುಗ್ರು ಇರ್ತವೆ. ಒಬ್ಳೇ ಹೋಗಬ್ಯಾಡ. ನಿಮ್ ಭಾವ ಬತ್ತಾರೆ ಬುಡು," ಎಂದು ಗಂಡನನ್ನು ಕೇಳದೆಯೇ ಅಕ್ಕ ತೀರ್ಮಾನಿಸಿಬಿಟ್ಟಿದ್ದಳು. ಭಾವ ಲ್ಯಾಬಿಗೆ ರಜೆ ಹಾಕಿದ. ಗೇಮ್ ಅಂದರೆ ತನಗೂ ಗೊತ್ತಿರುವ ವಿಷಯವೇ ಅಲ್ಲವೇ ಎನ್ನುವ ಮುಖ ಮಾಡಿಕೊಂಡು, ಇಸ್ತ್ರಿ ಹಾಕಿದ ಶರ್ಟು ತೊಟ್ಟು ಬಂದ. ಗೊತ್ತು ಎಂದುಕೊಂಡಿದ್ದಾನೆ, ಪಾಪ, ಎಂದುಕೊಂಡಳು. ಆ ಪಾಪದಲ್ಲಿ ಕರುಣೆ ಒಂದು ಹನಿಯೂ ಇರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಇಷ್ಟು: ಮುಂದಕ್ಕೆ ಹಾರುವುದು, ಹಾರಿದವನೇ ದೊಡ್ಡ ಒದೆ ಒದೆಯುವುದು. ಮನೆಯ ಟೀವಿಗೆ ಜೋಡಿಸಿದ್ದ ಗೇಮ್ ಡಬ್ಬದ ಹೊಡೆದಾಟದಲ್ಲಿ ಅವನು ಯಾವಾಗಲೂ ಕರಡಿಯಂಥ ಒಬ್ಬ ಗಡ್ಡದವನನ್ನೇ ಆರಿಸಿಕೊಳ್ಳುತ್ತಿದ್ದ. ಆ ಡಬ್ಬವನ್ನು ಅವನು ಕೊಂಡದ್ದು ಸರ್ಕಾರಿ ಪರೀಕ್ಷೆ ಬರೆಯುವ ವಯಸ್ಸು ಮೀರಿದ ವರ್ಷ. ಮೂರು ಸಲ ಬರೆದು ಮೂರು ಸಲವೂ ಸ್ವಲ್ಪದರಲ್ಲೇ ತಪ್ಪಿತ್ತು. ಸ್ವಲ್ಪದರಲ್ಲೇ ಎಂದು ಅವನು ಹೇಳುತ್ತಿದ್ದ, ಯಾರೂ ಅಂಕಪಟ್ಟಿ ನೋಡಿರಲಿಲ್ಲ. ಅದೇ ಪರೀಕ್ಷೆಗೆ ಓದಲೆಂದು ಗಂಗಾಂಬಿಕಾ ಎರಡು ವರ್ಷ ಅವರ ಮನೆಯಲ್ಲಿ ಇದ್ದಳು. ಅವನ ಹಳೆಯ ಗೈಡುಗಳನ್ನೇ ಓದಿದಳು. ಅವನು ಪೆನ್ಸಿಲಿನಲ್ಲಿ ಗೆರೆ ಎಳೆದ ಸಾಲುಗಳನ್ನು ಬಿಟ್ಟು ಬೇರೆಯವನ್ನು ಓದಿದರೆ ಪಾಸಾಗಬಹುದು ಎಂದು ಮನಸ್ಸಿನಲ್ಲೇ ನಗುತ್ತಿದ್ದಳು. ಭಾನುವಾರ ಸಂಜೆ ಅವನು ಕರೆಯುತ್ತಿದ್ದ, "ಬಾ ಗಂಗಾ, ಒಂದೆರಡು ಆಡಣ, ತಲೆ ಹಗುರಾಯ್ತದೆ." ಅವನ ತಾಯಿ ಚಿಕ್ಕಹನುಮಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತು, ಜಗಲಿಯ ಜಗಳ ನೋಡುವವಳಂತೆ ಟೀವಿ ನೋಡುತ್ತಿದ್ದಳು. ಮೊದಮೊದಲು ಒಮ್ಮೆ ಗಂಗಾಂಬಿಕಾ ಗೊತ್ತಿಲ್ಲದೆ ಎರಡು ಬಟನ್ನು ಒಟ್ಟಿಗೆ ಒತ್ತಿದಾಗ ಅವಳು ಆರಿಸಿಕೊಂಡಿದ್ದ ರಿಬ್ಬನ್ನಿನ ಹುಡುಗಿ ಆ ಕರಡಿಯನ್ನು ಅನಾಮತ್ತಾಗಿ ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಭಾವ ರಿಮೋಟು ಕೆಳಗಿಟ್ಟ. "ಎತ್ತಿ ಹಾಕಂಗಿಲ್ಲ ಕಣಮ್ಮ. ಅದು ಮೋಸದಾಟ. ಹೊಡಿಯೋದಾದ್ರೆ ಹೊಡಿ, ಒದಿಯೋದಾದ್ರೆ ಒದಿ." ಚಿಕ್ಕಹನುಮಕ್ಕನೂ ಸೇರಿಸಿದಳು: "ಊಂ ಮತ್ತೆ, ಹೆಣ್ಣೆಂಗ್ಸು ಗಂಡಸ್ನ ಎತ್ತಿ ಹಾಕ್ತಾಳಾ?" ಅಂದಿನಿಂದ ಅದು ಆ ಮನೆಯ ಕಾನೂನು.

ಎರಡು ತಿಂಗಳಲ್ಲಿ ಅವಳಿಗೆ ಅವನ ಆಟ ಪೂರ್ತಿ ಅರ್ಥವಾಯಿತು. ಅವನು ಹಾರುವ ಮೊದಲು ಅವನ ಹೆಬ್ಬೆರಳು ಬಿಳಿಚಿಕೊಳ್ಳುತ್ತಿತ್ತು. ಟೀವಿ ನೋಡದೆ ಆ ಬೆರಳು ನೋಡಿಕೊಂಡರೂ ಗೆಲ್ಲಬಹುದಾಗಿತ್ತು. ಗೆಲ್ಲಲಿಲ್ಲ. ಅನ್ನ ಅವನದು, ಫ್ಯಾನು ಅವನದು, ಓದುವ ಕೋಣೆಗಾಗಿ ಅವನ ತಾಯಿ ಹಾಲಿನಲ್ಲಿ ಮಲಗುತ್ತಿದ್ದಳು. ಸೋಲುವುದಕ್ಕೂ ಕೈಗುಣ ಬೇಕು. ಮೊದಲ ರೌಂಡು ಗೆದ್ದು, ಎರಡನೆಯದನ್ನು ಕೂದಲೆಳೆಯಲ್ಲಿ ಸೋತು, ಮೂರನೆಯದರಲ್ಲಿ ಅವನ ದೊಡ್ಡ ಒದೆಗೆ ಸರಿಯಾದ ಹೊತ್ತಿನಲ್ಲಿ ಎದೆ ಒಡ್ಡಬೇಕು. ಆಮೇಲೆ ನಾಲಿಗೆ ಕಚ್ಚಿಕೊಂಡು "ಅಯ್ಯೋ, ಸ್ವಲ್ಪದ್ರಲ್ಲಿ ಹೋಯ್ತು ಭಾವ," ಎನ್ನಬೇಕು. ಚಿಕ್ಕಹನುಮಕ್ಕ "ನಮ್ ರಾಜೂನೇ ಗೆದ್ದ," ಎನ್ನುತ್ತಿದ್ದಳು. ಅಕ್ಕ ಅಡುಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋಗುತ್ತಿದ್ದಳು. ಬದುಕಿನಲ್ಲಿ ಇದೊಂದನ್ನೇ ಗೆಲ್ಲುವ ಗಂಡಸು ಗೆದ್ದಾಗ ಅವನ ಕಿವಿ ಕೆಂಪಾಗುತ್ತಿತ್ತು. ಆ ಕಿವಿಗಳನ್ನು ನೋಡಿ ಗಂಗಾಂಬಿಕಾಗೆ ಒಳಗೊಳಗೇ ಒಂದು ದೊಡ್ಡಸ್ತಿಕೆ ಏಳುತ್ತಿತ್ತು, ಭಿಕ್ಷೆ ಹಾಕಿದವರ ದೊಡ್ಡಸ್ತಿಕೆ. ಅವಳಿಗೆ ಕೆಲಸ ಸಿಕ್ಕಿದ ದಿನ ಅವನು ಬೀದಿಗೆಲ್ಲ ಮೈಸೂರುಪಾಕು ಹಂಚಿದ. ಅವತ್ತೂ ಕಿವಿ ಕೆಂಪಾಗಿತ್ತು. ನಿಜವಾದ ಸಂತೋಷ ಇರಲಾರದು ಎಂದು ಅವಳು ಅನುಮಾನಿಸಿದಳು. ತಾನು ಅವನ ಜಾಗದಲ್ಲಿದ್ದಿದ್ದರೆ ಮೈಸೂರುಪಾಕು ಹಂಚುತ್ತಿರಲಿಲ್ಲ.

"ಕಡ್ಲೇಕಾಯಿ ತಿಂತೀಯ?" ಭಾವ ಪೊಟ್ಟಣ ಚಾಚಿದ. ಬೇಡವೆಂದಳು. ಅವನು ಬೇಯಿಸಿದ ಕಾಯನ್ನು ಸುಲಿದು ಸಿಪ್ಪೆಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇಸ್ತ್ರಿ ಹಾಕಿದ ಶರ್ಟಿನ ಜೇಬು ಒದ್ದೆಯಾಗಿ ಊದಿಕೊಂಡಿತು.

ಅವಳು ಬದಲಾದದ್ದು ಹೋದ ವರ್ಷ. ಮಸೀದಿ ಹಿಂದಿನ ಬೀದಿಯಲ್ಲಿ ಬೇರೆ ಮನೆ ಮಾಡಿದ್ದಳು. ಭಾನುವಾರ ಮಾತ್ರ ಅಕ್ಕನ ಮನೆಗೆ ಹೋಗಿ ಉಂಡು, ಸೋತು, ಬರುತ್ತಿದ್ದಳು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಸರ್ವರ್ ಕೆಟ್ಟು ಕೂತಿದ್ದಾಗ ಫೋನಿನಲ್ಲಿ ಅದೇ ಗೇಮಿನ ಟೂರ್ನಮೆಂಟಿನ ವಿಡಿಯೋ ಕಾಣಿಸಿತು. ಯಾವುದೋ ದೇಶದ ಇಬ್ಬರು ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಪಕ್ಕಪಕ್ಕ ಕೂತಿದ್ದರು. ಆಟದಲ್ಲಿ ಒಬ್ಬ ಇನ್ನೊಬ್ಬನನ್ನು ಎತ್ತಿ ಹಾಕಿದ. ಎದ್ದವನನ್ನು ಮತ್ತೆ ಎತ್ತಿ ಹಾಕಿದ. ಒಂಬತ್ತು ಸಲ. ಯಾರೂ ಮೋಸ ಎನ್ನಲಿಲ್ಲ. ಸೋತವನು ತಲೆಯಾಡಿಸಿ ಕೈಕುಲುಕಿ ಎದ್ದುಹೋದ. ಗಂಗಾಂಬಿಕಾ ಆ ವಿಡಿಯೋವನ್ನು ಮೊದಲಿಂದ ಮತ್ತೆ ಹಾಕಿದಳು. ಇಂಥ ಜಾಗವೂ ಒಂದು ಇದೆ, ಅಲ್ಲಿ ಯಾರೂ ಯಾರ ಅನ್ನವನ್ನೂ ಉಂಡಿಲ್ಲ. ಅರ್ಜಿ ಹಿಡಿದು ನಿಂತಿದ್ದ ಮುದುಕ "ಮೇಡಮ್ಮೋರೇ, ಸರ್ವರ್ ಬಂತಾ?" ಎಂದಾಗ ಅವಳು ತಲೆ ಎತ್ತದೆ ನಾಳೆ ಬನ್ನಿ ಎಂದಳು.

ಆ ತಿಂಗಳೇ ಹಳೆಯದೊಂದು ಗೇಮ್ ಡಬ್ಬ ತಂದಳು. ಅಕ್ಕನಿಗೆ ಹೇಳಲಿಲ್ಲ. ಬೆಳಗಿನ ಐದಕ್ಕೆ ಎದ್ದರೆ ಇಂಟರ್‌ನೆಟ್ಟು ಚೆನ್ನಾಗಿರುತ್ತಿತ್ತು. ಏಳೂವರೆಯವರೆಗೆ ಮುಖ ಕಾಣದವರ ಜೊತೆ ಆಡಿ ಸೋಲುತ್ತಿದ್ದಳು. ಮೊದಲ ವಾರ ಒಂದನ್ನೂ ಗೆಲ್ಲಲಿಲ್ಲ. ಅಕ್ಕನ ಮನೆಯಲ್ಲಿ ಉದ್ದೇಶಪೂರ್ವಕವಾಗಿ ಸೋಲುತ್ತಿದ್ದವಳು ಇಲ್ಲಿ ಉದ್ದೇಶವೇ ಬೇಕಿಲ್ಲದೆ ಸೋತಳು. ಒಮ್ಮೆ ಎದುರಿನವನು ಆಟದ ನಡುವೆ ತನ್ನ ಗೊಂಬೆಯನ್ನು ಕುಕ್ಕರಗಾಲಲ್ಲಿ ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ ಅವಳನ್ನು ಅಣಕಿಸಿದ. ಆಮೇಲೆ ಸ್ನಾನಕ್ಕೆ ನೀರು ಕಾಯಿಸಿಕೊಳ್ಳುತ್ತ ಅವಳು ಅತ್ತಳು. ಅತ್ತದ್ದಕ್ಕೆ ನಾಚಿಕೊಂಡು, ಮರುದಿನ ರಿಬ್ಬನ್ನಿನ ಹುಡುಗಿಯನ್ನು ಬಿಟ್ಟು ಬೋಳುತಲೆಯ ಗುಂಡು ಕುಸ್ತಿಯವನನ್ನು ಆರಿಸಿಕೊಂಡಳು. ಎತ್ತಿ ಹಾಕುವುದೊಂದೇ ಅವನ ಕಸುಬು. ಯಾವ ಏಟು ಎಷ್ಟು ಬೇಗ ತಗಲುತ್ತದೆ, ಯಾವುದನ್ನು ತಡೆದರೆ ಯಾರ ಸರದಿ ಎಂಬುದನ್ನು ಕಂದಾಯ ಇಲಾಖೆಯ ಡೈರಿಯ ಹಿಂದಿನ ಪುಟಗಳಲ್ಲಿ ಬರೆದುಕೊಂಡಳು. ನಾಲ್ಕು ತಿಂಗಳಾದ ಮೇಲೆ ಗೆಲ್ಲತೊಡಗಿದಳು. ಗೆದ್ದಷ್ಟೂ ಸುತ್ತಲಿನವರು ಕುಳ್ಳಗಾದರು. ಸಹೋದ್ಯೋಗಿಗಳು ಕಾಫಿ ಹೀರುವ ಸದ್ದು, "ಟೈಮ್ ಪಾಸಿಗೆ" ಎನ್ನುವ ಮಾತು, ಅಕ್ಕ ಬೀಗುತ್ತ ತೋರಿಸುವ ಹೊಸ ಕುಕ್ಕರು, ಯಾವುದನ್ನೂ ಸಹಿಸಲಾಗಲಿಲ್ಲ. ಭಾನುವಾರ ಭಾವನಿಗೆ ಸೋಲುವುದು ಈಗ ಅತ್ಯಂತ ಕಷ್ಟದ ಕೆಲಸವಾಯಿತು. ಕೈ ತಾನಾಗಿ ಗೆಲ್ಲಲು ಹೋಗುತ್ತಿತ್ತು, ಹಿಡಿದು ನಿಲ್ಲಿಸಬೇಕಾಗುತ್ತಿತ್ತು.

ಮಧುಗಿರಿಯಲ್ಲಿ ಇಳಿದಾಗ ಬೆಟ್ಟ ಊರಿನ ಮೇಲೆ ಬರಿಮೈಯಲ್ಲಿ ಕೂತಿತ್ತು. ಸಮುದಾಯ ಭವನದಲ್ಲಿ ಹಿಂದಿನ ದಿನದ ಮದುವೆಯ ಹೂವು ಇನ್ನೂ ಕಂಬಕ್ಕೆ ಅಂಟಿಕೊಂಡಿತ್ತು. ನಾಲ್ಕು ಟೀವಿ, ಎಂಟು ಪ್ಲಾಸ್ಟಿಕ್ ಕುರ್ಚಿ, ಎಪ್ಪತ್ತೆಂಬತ್ತು ಹುಡುಗರು. ಒಬ್ಬಳೂ ಹೆಂಗಸಿಲ್ಲ. ಮೈಕು ಹಿಡಿದ ವ್ಯವಸ್ಥಾಪಕ, ಅಲ್ಲಿಯ ಕಂಪ್ಯೂಟರ್ ಅಂಗಡಿಯವನಂತೆ, "ನಮ್ಮ ಮಧ್ಯೆ ಒಬ್ರು ಮೇಡಂ ಕೂಡ ಬಂದಿದಾರೆ," ಎಂದು ಚಪ್ಪಾಳೆ ಹೊಡೆಸಿದ. ಅವಳು ಹೆಸರು ಬರೆಸುತ್ತಿದ್ದಾಗ ಭಾವ ಹೆಗಲ ಮೇಲಿಂದ ಬಗ್ಗಿ, "ನಂದೂ ಒಂದು ಬರ್ಕಳಿ. ನರಸಿಂಹರಾಜು, ಶಿರಾ," ಎಂದ.

"ಭಾವ, ಇದು ಮನೆ ಅಲ್ಲ," ಎಂದಳು, ಆದಷ್ಟು ಮೆಲ್ಲಗೆ.

"ಗೊತ್ತು ಕಣಮ್ಮ. ಸುಮ್ನೆ ಕೂತ್ಕಂಡು ಏನ್ ಮಾಡ್ಲಿ?"

ಅವಳ ಮೊದಲ ಎದುರಾಳಿ ಕಾಲೇಜಿನ ಹುಡುಗ. ಸಿಕ್ಕಸಿಕ್ಕ ಬಟನ್ನು ಕುಟ್ಟಿದ, ಸೋತ, ಗೆಳೆಯರ ಕಡೆ ನೋಡಿ ಹಲ್ಲು ಬಿಟ್ಟ. ಹೆಂಗಸಿಗೆ ಸೋತದ್ದಕ್ಕೆ ಅವನು ಹಲ್ಲು ಬಿಡಬೇಕಾಗಿತ್ತು ಎಂಬುದು ಅವಳಿಗೆ ಅರ್ಥವಾಗಿ, ಎದ್ದು ಬರುವಾಗ ಅವನ ಮುಖವನ್ನೇ ನೋಡಲಿಲ್ಲ. ಆ ಕಡೆ ಟೀವಿಯಲ್ಲಿ ಭಾವನೂ ಗೆದ್ದಿದ್ದ. ಅವನ ಎದುರಾಳಿ ಅವನಿಗಿಂತ ಹೆಚ್ಚು ಹಾರುವವನು. ಇಬ್ಬರೂ ಕಪ್ಪೆಗಳಂತೆ ಹಾರಿಹಾರಿ ಕೊನೆಗೆ ಭಾವನ ಒದೆ ಮೊದಲು ತಗುಲಿತ್ತು. ಅವನು ಮೂಲೆಗೆ ಹೋಗಿ ಮನೆಗೆ ಫೋನು ಮಾಡಿದ. "ಊಂ, ಒಂದು ಗೆದ್ದೆ. ಅವ್ಳೂ ಗೆದ್ಲು. ಅಮ್ಮಂಗೆ ಹೇಳು." ಕಿವಿ ಕೆಂಪಾಗಿತ್ತು. ಮುಂದಿನ ಸುತ್ತಿನ ಹೆಸರು ಕರೆದಾಗ ಮೈಕಿನವನು ಓದಿದ್ದು ಅವರಿಬ್ಬರದೇ ಹೆಸರು. ಸಂಬಂಧ ಯಾರೋ ಹೇಳಿಬಿಟ್ಟರು. "ಭಾವ ನಾದಿನಿ ಮ್ಯಾಚ್," ಎಂದು ಮೈಕು ಕೂಗಿತು. ಖಾಲಿ ಇದ್ದ ಹುಡುಗರೆಲ್ಲ ಆ ಟೀವಿಯ ಹಿಂದೆ ಬಂದು ನಿಂತರು.

ಭಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಅವಳ ಕಡೆ ಬಾಗಿ, "ಮನೇಲಿ ಆಡ್ದಂಗೆ ಆಡಬ್ಯಾಡ ಕಣಮ್ಮ," ಎಂದ.

ಅವಳಿಗೆ ಕಿವಿಗೆ ಕಾದ ಎಣ್ಣೆ ಬಿಟ್ಟಂತಾಯಿತು. ನಾಲ್ಕು ವರ್ಷ ಇವನಿಗೆ ಭಿಕ್ಷೆ ಹಾಕಿದ್ದಾಳೆ. ಇವನು ಈಗ ಎಪ್ಪತ್ತು ಹುಡುಗರ ಮುಂದೆ ಹಿರಿಯನಂತೆ ಬುದ್ಧಿ ಹೇಳುತ್ತಿದ್ದಾನೆ, ಮನೆಯಲ್ಲಿ ಸೋಲುವ ಹಾಗೆ ಇಲ್ಲಿ ಸೋಲಬೇಡ ಮಗಳೇ ಎಂದು. ಅವಳು ಬೋಳುತಲೆಯ ಕುಸ್ತಿಯವನನ್ನು ಆರಿಸಿದಳು. ಭಾವ, "ಓ, ಇವನ್ಯಾರು?" ಎಂದ. ಅವಳು ಸ್ಟಾರ್ಟ್ ಒತ್ತಿದಳು.

ಅವನ ಹೆಬ್ಬೆರಳು ಬಿಳಿಚಿಕೊಂಡಿತು, ಕರಡಿ ಹಾರಿತು, ಅವಳು ತಡೆದಳು, ಕಾಲಿಗೆ ಒಂದು ಚಿಕ್ಕ ಒದೆ ಒದ್ದು ಎತ್ತಿ ಹಾಕಿದಳು. ಕರಡಿ ಎದ್ದಿತು. ಒದೆ, ಎತ್ತಿ ಹಾಕಿದಳು. ಎದ್ದಿತು. ಒದೆ, ಎತ್ತು. ಹಿಂದಿನಿಂದ ಯಾರೋ "ಮೂರು," ಎಂದರು. ನಗು ಬಂತು. "ನಾಲ್ಕು." ಈಗ ಎಲ್ಲರೂ ಎಣಿಸುತ್ತಿದ್ದರು. ಸುಮ್ಮನೆ ಎರಡು ಗುದ್ದು ಗುದ್ದಿದ್ದರೂ ರೌಂಡು ಮುಗಿಯುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು, ಬೇಕೆಂದೇ ಗುದ್ದಲಿಲ್ಲ. ಭಾವ ಹಾರಲು ನೋಡಿದ, ಹಿಂದಕ್ಕೆ ಸರಿಯಲು ನೋಡಿದ, ಮೂಲೆಗೆ ಬಂದು ಸಿಕ್ಕಿಬಿದ್ದ. ಮೂಲೆಯಲ್ಲಿ ಕರಡಿ ಏಳುವುದೂ ಬೀಳುವುದೂ ಒಂದೇ ಚಲನೆಯಾಗಿಹೋಯಿತು. ಅವನ ಓದಿಗೆಂದು ಕೊಂಡ ಗೈಡುಗಳು, ಹಾಲಿನಲ್ಲಿ ಮಲಗಿದ ಮುದುಕಿ, ಪರೀಕ್ಷೆಯ ದಿನ ನಾಲ್ಕು ಗಂಟೆಗೇ ಎದ್ದು ಬೈಕಿನಲ್ಲಿ ಅವಳನ್ನು ತುಮಕೂರಿಗೆ ಕರೆದೊಯ್ದು, ಸಂಜೆಯವರೆಗೆ ಗೇಟಿನ ಎದುರು ಮರದ ಕೆಳಗೆ ಕೂತಿದ್ದವನು. ಎತ್ತು. ಆ ದಿನ ಅವನು ಮಧ್ಯಾಹ್ನ ಏನು ತಿಂದ ಎಂದು ತಾನು ಕೇಳಲೇ ಇಲ್ಲ. ಎತ್ತು. "ಹದಿನೇಳು, ಹದಿನೆಂಟು." ಇಪ್ಪತ್ತಕ್ಕೆ ಎಲ್ಲ ಮುಗಿಯಿತು. ಕೊನೆಯ ರೌಂಡಿನಲ್ಲಿ ಅವಳ ಮೈಗೆ ಒಂದು ಏಟೂ ಬಿದ್ದಿರಲಿಲ್ಲ. ಪರದೆಯ ಮೇಲೆ ಪರ್ಫೆಕ್ಟ್ ಎಂದು ಚಿನ್ನದ ಅಕ್ಷರ ಮೂಡಿತು. ಹುಡುಗರು ಸಿಳ್ಳೆ ಹಾಕಿದರು. ಭಾವ ರಿಮೋಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಎದ್ದು, ಮಿಕ್ಕವರು ಮಾಡಿದ್ದನ್ನು ನೋಡಿ ಕಲಿತವನಂತೆ ಕೈ ಚಾಚಿದ. ಇಷ್ಟು ವರ್ಷಗಳಲ್ಲಿ ಅವನ ಕೈ ಮುಟ್ಟಿದ್ದು ಅದೇ ಮೊದಲು. ಅಂಗೈ ಒದ್ದೆಯಾಗಿತ್ತು. ಕಿವಿ ಕೆಂಪಾಗಿರಲಿಲ್ಲ, ಬೂದಿಯ ಬಣ್ಣಕ್ಕಿತ್ತು.

ಅವಳಿಗೆ ಗೆದ್ದ ಹಗುರ ಬರಲಿಲ್ಲ. ಮುಂದಿನ ಪಂದ್ಯದಲ್ಲಿ ಬರುತ್ತದೆ ಎಂದುಕೊಂಡಳು. ಮುಂದಿನವನು ಜಯಕುಮಾರ್ ಎಂಬಾತ, ಮೂವತ್ತರ ಹತ್ತಿರದವನು, ಪಾವಗಡ ಕಡೆಯವನು. ಬಿಸಿಲಿಗೆ ಸುಟ್ಟ ಮುಖ, ಕಾಲಿಗೆ ರಬ್ಬರ್ ಚಪ್ಪಲಿ, ಯಾವುದೋ ಕಂಪನಿಯ ಹೆಸರು ಮಾಸಿದ ನೀಲಿ ಶರ್ಟು. ಭಾವನ ಜೊತೆ ಆಡುವಾಗ ಇವನೂ ಹಿಂದೆ ಕೈಕಟ್ಟಿಕೊಂಡು ನಿಂತಿದ್ದದ್ದು ನೆನಪಿತ್ತು. ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸವಂತೆ. ಮೈಕಿನವನು ಅದನ್ನು ತಮಾಷೆ ಎಂಬಂತೆ ಹೇಳಿದ. ಇವನ ಕಪ್ಪೆ ಹಾರುವುದು ಹೇಗೋ ನೋಡೋಣ ಎಂದು ಅವಳು ಕೂತಳು. ಅವನು ಹಾರಲಿಲ್ಲ. ನಿಂತಲ್ಲೇ ನಿಂತ. ಅವಳು ಚಿಕ್ಕ ಒದೆ ಒದ್ದು ಎತ್ತಲು ಹೋದಳು, ಅವನು ಬಿಡಿಸಿಕೊಂಡ. ಮತ್ತೆ ಹೋದಳು, ಬಿಡಿಸಿಕೊಂಡ. ಮೂರನೆಯ ಸಲ ಅವಳ ಒದೆಗೇ ಕಾದಿದ್ದು ಅವಳನ್ನು ಕೆಡವಿದ. ಅವಳ ಕೈಯೊಳಗೆ ಇನ್ನೊಬ್ಬ ಕೂತು ಅವನಿಗೆ ಮುಂಚೆಯೇ ಹೇಳಿಕೊಡುತ್ತಿದ್ದಾನೆ ಅನ್ನಿಸಿತು. ನಾಲ್ಕು ನಿಮಿಷದಲ್ಲಿ ಎರಡೂ ಗೇಮು ಹೋದವು. ಯಾರೂ ಎಣಿಸಲಿಲ್ಲ, ನಗಲಿಲ್ಲ. ಹುಡುಗರು ಆಗಲೇ ಬೇರೆ ಟೀವಿಯ ಕಡೆ ಹೋಗಿದ್ದರು.

ಅವಳು ಚೀಲ ಎತ್ತಿಕೊಂಡು ಹೊರಟಾಗ ಅವನು ಹಿಂದೆಯೇ ಬಂದು ತೆಲುಗು ಬೆರೆಸಿ ಕರೆದ. "ಅಕ್ಕಾ, ಏಮೀ ಅನ್ಕಬೇಡಿ, ಒಂದ್ ಮಾತು."

"ಹೇಳಿ."

"ನೀವು ಎತ್ತೋಕೆ ಮುಂಚೆ ಯಾವಾಗ್ಲೂ ಒಂದು ಚಿಕ್ಕ ಒದೆ ಒದೀತೀರ. ಮೊದ್ಲು ನಂಗೆ ಗೊತ್ತಿರ್ಲಿಲ್ಲ. ಆ ಅಣ್ಣನ ಜೊತೆ ಆಡಿದ್ರಲ್ಲ, ಆಗ ಎಣಿಸ್ಕಂಡೆ. ಇಪ್ಪತ್ತಕ್ಕೆ ಇಪ್ಪತ್ತೂ." ಅವನು ಸಂಕೋಚದಿಂದ ತಲೆ ಕೆರೆದುಕೊಂಡ. "ಅಷ್ಟು ಸತಿ ಎತ್ತೋದು ಬೇಕಿರ್ಲಿಲ್ಲ ಅಕ್ಕಾ. ಪಾಪ, ಅವ್ರು ಸುಮ್ನೆ ಗುದ್ದಿದ್ರೂ ಬೀಳ್ತಿದ್ರು. ನಾಲ್ಕು ಸತಿಗೇ ನಿಲ್ಸಿದ್ದಿದ್ರೆ ನಾನು ನಿಮ್ಮನ್ನ ಹಿಡಿಯೋಕೆ ಆಗ್ತಿರ್ಲಿಲ್ಲ. ಪರ್ವಾಲೇದು, ಚೆನ್ನಾಗ್ ಆಡ್ತೀರ."

ಅವನ ದನಿಯಲ್ಲಿ ಅಣಕ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇರಲಿಲ್ಲ. ಜಾರುವ ಮೆಟ್ಟಿಲಿನ ಬಗ್ಗೆ ದಾರಿಹೋಕರಿಗೆ ಎಚ್ಚರಿಕೆ ಹೇಳುವವನ ದನಿ. ಅವಳು ಅವನ ರಬ್ಬರ್ ಚಪ್ಪಲಿ ನೋಡಿದಳು, ತೊಳೆತೊಳೆದು ಬಿಳಿಚಿದ ಬೆರಳುಗಳನ್ನು ನೋಡಿದಳು, ಹೀಯಾಳಿಸಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. "ಥ್ಯಾಂಕ್ಸ್," ಎಂದಷ್ಟೇ ಹೇಳಿ ಬಂದುಬಿಟ್ಟಳು.

ವಾಪಸು ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಗೊರವನಹಳ್ಳಿಯ ಲಕ್ಷ್ಮಿಗೆ ಹೋಗಿಬಂದ ಹೆಂಗಸರು ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ತೂಕಡಿಸುತ್ತಿದ್ದರು. ಈ ಸಲ ಭಾವ ಓಡಲಿಲ್ಲ. ಹಿಂದಿನ ಬಾಗಿಲ ಬಳಿ ಇಬ್ಬರೂ ಕಂಬಿ ಹಿಡಿದು ನಿಂತರು. ಬಡವನಹಳ್ಳಿ ದಾಟಿದ ಮೇಲೆ ಇಬ್ಬರ ಸೀಟು ಖಾಲಿಯಾಗಿ ಕೂತರು. ಏನಾದರೂ ಹೇಳಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು. ಹೇಳಿದರೆ ಅದೂ ಇನ್ನೊಂದು ಭಿಕ್ಷೆಯಾಗುತ್ತದೆ ಅನ್ನಿಸುತ್ತಿತ್ತು.

"ಭಾವ, ಅಲ್ಲಿ ಆಟ ಹಂಗೇ. ಎತ್ತಿ ಹಾಕ್ಬೋದು. ಮೋಸ ಅಲ್ಲ."

"ಮೋಸ ಅಂತ ನಾನು ಅಂದ್ನಾ?"

"ಇಲ್ಲ, ಜನ ಎಲ್ಲಾ ನಗ್ತಿದ್ರಲ್ಲ..."

"ನಗ್ಲಿ ಬುಡು." ಅವನು ಸ್ವಲ್ಪ ಹೊತ್ತು ಮುಂದಿನ ಸೀಟಿನ ಕಂಬಿಯನ್ನು ಉಗುರಿನಿಂದ ಕೆರೆದ. "ನೀನು ನಿಜ್ವಾಗ್ಲೂ ಹೆಂಗಾಡ್ತೀಯ ಅಂತ ಒಂದ್ಸಲ ನೋಡಬೇಕಾಗಿತ್ತು ಕಣಮ್ಮ. ಅದ್ಕೇ ಹೆಸ್ರು ಬರೆಸ್ದೆ. ಇಬ್ರಿಗೇ ಬೀಳ್ತದೆ ಅಂತ ಗೊತ್ತಿರ್ಲಿಲ್ಲ, ಬಿತ್ತು."

ಅವಳು ತಿರುಗಿ ನೋಡಿದಳು.

"ಮನೇಲಿ ಸೋತ್ಕೊಡ್ತಿದ್ದೆ. ನಂಗೇನು ಗೊತ್ತಾಗಲ್ವಾ?"

"ಯಾವಾಗ್ಲಿಂದ ಗೊತ್ತು?"

"ಮೊದ್ಲಿಂದ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ರಕ್ತದ ರಿಪೋರ್ಟು ಓದಿ ಹೇಳುವವನಂತಿದ್ದ. "ನಂಗೆ ಊಟ ಬಡಿಸೋವಾಗ ನಿಮ್ಮಕ್ಕನ ಮುಖ ಹೆಂಗಿರ್ತದೋ, ಸೋಲೋವಾಗ ನಿನ್ ಮುಖಾನೂ ಅಂಗೇ ಇರ್ತದೆ. ಅಕ್ಕತಂಗೀರಲ್ವಾ. ನಿನ್ನ ನಾನೇ ಮನೇಲಿ ಇಟ್ಕಂಡು ಓದ್ಸಿದ್ದು, ಅದನ್ನ ಇಂಗೆ ತೀರುಸ್ಕಂತಾವ್ಳೆ, ತೀರುಸ್ಕಳ್ಲಿ ಬುಡು ಅಂತ ಸುಮ್ನಿದ್ದೆ. ಅಮ್ಮಂಗೂ ಖುಷಿ ಆಗೋದು."

ಬಸ್ಸು ಹೆದ್ದಾರಿಗೆ ತಿರುಗಿತು. ಅವಳಿಗೆ ನಾಲ್ಕು ವರ್ಷದ ಭಾನುವಾರಗಳೆಲ್ಲ ಒಂದೊಂದಾಗಿ ಬಂದು ಎದುರು ನಿಂತವು: ನಾಲಿಗೆ ಕಚ್ಚಿಕೊಂಡದ್ದು, ಅಯ್ಯೋ ಎಂದದ್ದು, ಪ್ರತಿ ಸಲವೂ ಪಕ್ಕದಲ್ಲಿ ಅವನು ಅದನ್ನು ನೋಡುತ್ತ ಕೂತಿದ್ದದ್ದು. ಕಿವಿ ಕೆಂಪಾಗುತ್ತಿದ್ದದ್ದು ಗೆದ್ದ ಸಂತೋಷಕ್ಕಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು, ಬಂದದ್ದು ಮಾತ್ರ, "ಎರಡು ಬಟನ್ನು ಒಟ್ಟಿಗೆ ಒತ್ತಿದ್ರೆ ಬಿಡಿಸ್ಕೋಬೋದು ಭಾವ. ಎತ್ತೋಕೂ ಅದೇ, ಬಿಡಿಸ್ಕೊಳ್ಳೋಕೂ ಅದೇ."

"ಅದೇನಾ?" ಅವನು ತೊಡೆಯ ಮೇಲೆ ಎರಡು ಬೆರಳು ಒತ್ತಿ ನೋಡಿಕೊಂಡ.

ಮನೆ ತಲುಪಿದಾಗ ಐದೂವರೆ. ಚಿಕ್ಕಹನುಮಕ್ಕ ಜಗಲಿಯಲ್ಲೇ ಕೇಳಿದಳು, "ಗೆದ್ದ್ಯೇನ್ಲಾ ರಾಜು?"

"ಗಂಗಾ ನನ್ನ ಎತ್ತಿ ಎತ್ತಿ ಹಾಕ್ಬುಟ್ಳು ಕಣಮ್ಮ, ಇಪ್ಪತ್ತು ಸಲ," ಎಂದು ನಕ್ಕ ಅವನು. ಮುದುಕಿ ನಂಬಲಿಲ್ಲ, ಮಗ ತಮಾಷೆ ಮಾಡುತ್ತಿದ್ದಾನೆಂದು ತಾನೂ ನಕ್ಕಳು. ಅಡುಗೆಮನೆಯಲ್ಲಿ ರಾಮಾಂಜಿನಮ್ಮ ಕಾಫಿ ಸೋಸುತ್ತಿದ್ದಳು. ಗಂಗಾಂಬಿಕಾ ಲೋಟ ತೆಗೆದುಕೊಳ್ಳಲು ಹೋದಾಗ ಅಕ್ಕ ತಲೆ ಎತ್ತದೆ, ಹಾಲಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ನಿಜವಾ?" ಎಂದಳು.

"ಹೂಂ."

"ಅದೊಂದನ್ನಾದ್ರೂ ಅವ್ರಿಗೆ ಬುಡಬಾರ್ದಾಗಿತ್ತೇನೇ."

"ಅವರಿಗೆ ಗೊತ್ತಂತೆ ಅಕ್ಕಾ. ಮೊದಲಿಂದ್ಲೂ."

ಅಕ್ಕನ ಕೈಯಲ್ಲಿ ಸೋಸಣಿಗೆ ನಿಂತಿತು. ಅವಳ ಮುಖದ ಮೇಲೆ ಏನೋ ಹಾದುಹೋಯಿತು. ತನ್ನ ಕಡೆಗೂ ಅವನು ಇಷ್ಟು ವರ್ಷ ಹಾಗೆಯೇ ನೋಡುತ್ತ ಕೂತಿದ್ದನೇ ಎಂದು ಲೆಕ್ಕ ಹಾಕುತ್ತಿರುವಂತೆ. ಬಳಿಕ ಅವಳು ಗಂಡನ ಲೋಟಕ್ಕೆ ಸಕ್ಕರೆ ಹಾಕಿ ತಿರುವಿ, ತಂಗಿಯ ಕೈಗೇ ಕೊಟ್ಟು, "ನೀನೇ ತಗೊಂಡೋಗು," ಎಂದಳು.

ಹಾಲಿನಲ್ಲಿ ಭಾವ ಆಗಲೇ ಟೀವಿ ಹಾಕಿ, ವೈರು ಬಿಡಿಸಿ, ಎರಡು ರಿಮೋಟು ಚಾಪೆಯ ಮೇಲೆ ಇಟ್ಟಿದ್ದ. "ಬಾ," ಎಂದ. ಅವಳಿಗೆ ಸುಸ್ತಾಗಿದೆ ಎನ್ನಬೇಕೆನಿಸಿತು. ಅವನು ಗಡ್ಡದ ಕರಡಿಯನ್ನು ಆರಿಸಿಕೊಂಡ. ಅವಳ ಬೆರಳು ರಿಬ್ಬನ್ನಿನ ಹುಡುಗಿಯ ಕಡೆ ಹೋದಾಗ, "ಬ್ಯಾಡ. ಆ ಗುಂಡನನ್ನೇ ತಗೋ," ಎಂದ. ಅವಳು ತೆಗೆದುಕೊಂಡಳು.

ಒದ್ದು ಎತ್ತಿದಳು, ಕರಡಿ ಬಿತ್ತು. ಚಿಕ್ಕಹನುಮಕ್ಕ ಚಾಚಿದ್ದ ಕಾಲು ಮಡಚಿಕೊಂಡು ಕೂತಳು. ಮತ್ತೆ ಎತ್ತಿದಳು, ಬಿತ್ತು. ಮೂರನೆಯ ಸಲ ಎತ್ತಲು ಹೋದಾಗ ಅವನ ಎರಡೂ ಬೆರಳು ಒಟ್ಟಿಗೆ ಒತ್ತಿದವು. ಕರಡಿ ಅವಳ ಕೈ ಕೊಡವಿ ಹಿಂದಕ್ಕೆ ನಿಂತಿತು. ಭಾವ ಹುಬ್ಬೇರಿಸಿದ, ನಗಲಿಲ್ಲ. ಅವಳು ಒದೆಯ ಅಭ್ಯಾಸ ಬಿಡಬೇಕು ಎಂದು ಯೋಚಿಸಿದಳು, ಬಿಟ್ಟು ನೇರ ಎತ್ತಲು ಹೋದಳು, ತಡವಾಯಿತು, ಅವನು ಹಾರಿದ. ಅವನ ಹೆಬ್ಬೆರಳು ಬಿಳಿಚಿದ್ದನ್ನು ಅವಳು ನೋಡಿದ್ದಳು. ತಡೆಯಲು ಹೊತ್ತಿತ್ತು. ಕೈ ತಡಮಾಡಿತೋ, ತಡೆಯಬಾರದೆಂದು ಕೂತಿತೋ, ಬೆಳಗಿನಿಂದ ಆಡಿ ಮರಗಟ್ಟಿತ್ತೋ, ಅವನ ದೊಡ್ಡ ಒದೆ ಎದೆಗೆ ಬಿತ್ತು. ರೌಂಡು ಅವನದಾಯಿತು.

"ಗೆದ್ದ್ಯೇನ್ಲಾ?" ಎಂದಳು ಮುದುಕಿ.

ಅವನು ಟೀವಿ ನೋಡುತ್ತಿರಲಿಲ್ಲ. ಪೂರ್ತಿ ತಿರುಗಿ, ಗಂಗಾಂಬಿಕಾಳ ಮುಖವನ್ನು ನೋಡುತ್ತಿದ್ದ, ರಿಪೋರ್ಟಿನಲ್ಲಿ ಒಂದು ಅಂಕೆ ಸ್ಪಷ್ಟವಾಗದವನ ಹಾಗೆ ಕಣ್ಣು ಕಿರಿದು ಮಾಡಿಕೊಂಡು. ಅಡುಗೆಮನೆಯ ಬಾಗಿಲಲ್ಲಿ ಅಕ್ಕನೂ ಬಂದು ನಿಂತಿದ್ದಳು. ಗಂಗಾಂಬಿಕಾ ಯಾವ ಮುಖ ಮಾಡಬೇಕೆಂದು ಹುಡುಕಿದಳು. ತನ್ನ ಮುಖ ಆ ಹೊತ್ತಿಗೆ ಹೇಗಿತ್ತು ಎಂಬುದು ಅವಳಿಗೇ ತಿಳಿಯಲಿಲ್ಲ. ಅವನು ನೋಡುತ್ತಲೇ ಇದ್ದ.